ಚಳಿಗಾಲದ ಹತ್ತು ನಿಮಿಷ

ಫ್ರೌಕೆ,

ಡ್ಯೂಟಿಗೆ ಹೊರಟೆ. ಒಲೆಯ ಮೇಲೆ ಬೇಳೆ ಸೂಪ್ ಇದೆ, ಬಿಸಿ ಮಾಡಿಕೋ.

ನಾಲ್ಕಕ್ಕೆ ಹೋಗಿ ಗ್ಯಾರೇಜಿನಿಂದ ಕಾರು ತಾ. ಏಸಿಯ ಗ್ಯಾಸ್ ಪೂರ್ತಿ ಸೋರಿಹೋಗಿತ್ತು. "ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಏಸಿ ಹಾಕ್ಬೇಕು ಮೇಡಂ, ಇಲ್ದಿದ್ರೆ ಒಳಗಿನ ರಬ್ಬರ್ ಒಣಗಿ ಗ್ಯಾಸ್ ಸೋರುತ್ತೆ. ಯಾರೂ ಹಾಕ್ತಿರ್ಲಿಲ್ವಾ?" ಎಂದು ಮೆಕ್ಯಾನಿಕ್ ಯೊರ್ಗ್ ಕೇಳಿದ. ಹಾಕುತ್ತಿದ್ದವರು ಸತ್ತು ಎರಡು ಚಳಿಗಾಲ ಕಳೆಯಿತೆಂದು ನಾನು ಹೇಳಲಿಲ್ಲ. "ಇಲ್ಲ" ಎಂದೆ.

ನಿಮ್ಮಪ್ಪ ಪ್ರತಿ ಭಾನುವಾರ, ಹಿಮ ಬೀಳುವಾಗಲೂ ಕಾರಿನಲ್ಲಿ ಕೂತು ಏಸಿ ಹಾಕುತ್ತಿದ್ದದ್ದು ಇದಕ್ಕೇ. ನಾನು ಅಡುಗೆಮನೆಯ ಕಿಟಕಿಯಿಂದ "ಈ ಚಳೀಲಿ ತಣ್ಣನೆ ಗಾಳಿ ಬೇಕಾ, ತಲೆ ಕೆಟ್ಟಿದ್ಯಾ ನಿಮಗೆ?" ಎಂದು ಬೈಯುತ್ತಿದ್ದೆ.

ಈ ನವೆಂಬರಿನಿಂದ ನಾನು ಕೂರುತ್ತೇನೆ. ಹತ್ತು ನಿಮಿಷ ಆಗುವವರೆಗೂ ನೀನು ಆ ಕಿಟಕಿಯಲ್ಲಿ ನಿಂತು ಬೈಯಬೇಕು.

ಅಮ್ಮ