ಚೀಟಿಯ ಮೇಲಿನ ಐವತ್ತೆಂಟು

ಅಂಗಡಿಯ ಹಿಂದಿನ ಕೋಣೆ,
ಸೋಮವಾರ ಮಧ್ಯಾಹ್ನ

ಆರುನೂರ ನಲವತ್ತನೇ ಶ್ರೇಯಾಂಕದಿಂದ ಒಂದೇ ವರ್ಷದಲ್ಲಿ ನೂರ ಎಂಬತ್ತಕ್ಕೆ ದಯಮಾಡಿಸಿದ ಟೆನಿಸ್ ಮಹಾರಾಣಿ ಅಕ್ಕನ ಸನ್ನಿಧಾನಕ್ಕೆ, ಆಸ್ಥಾನದ ತಂತಿ ಇಲಾಖೆಯ ಏಕೈಕ ನೌಕರನ ಅರಿಕೆ.

ನಿನ್ನ ಫೋನು ಟೂರ್ನಿ ಮುಗಿಯುವ ತನಕ ಕೋಚ್ ಅವರ ಚೀಲದಲ್ಲಿ ಸೆರೆವಾಸ ಅನುಭವಿಸುತ್ತಿರುವುದರಿಂದ, ನಿನ್ನ ಜೊತೆ ಅಭ್ಯಾಸ ಮಾಡುವ ಹುಡುಗಿಯ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಅವಳು ಬಿಚ್ಚದಿರಲೆಂದು ಲಕೋಟೆಯ ಮೇಲೆ ಹುಳುಕಡ್ಡಿ ಮುಲಾಮು ಎಂದು ಬರೆದಿದ್ದೇನೆ.

ಅಪ್ಪನಿಗೆ ಖುಷಿಯಲ್ಲಿ ನೆಲ ಕಾಣುತ್ತಿಲ್ಲ. ಮಗಳು ಮೊದಲ ಸಲ ದೊಡ್ಡ ಟೂರ್ನಿಯ ಮುಖ್ಯ ಸುತ್ತಿಗೆ ಬಂದಿದ್ದಾಳೆ, ರಾಕೆಟ್ಟಿನ ತಂತಿ ಐವತ್ತೆಂಟು ಪೌಂಡ್ ಬಿಗಿ ಇರುವುದೇ ಅದರ ಗುಟ್ಟು ಎಂದು ಕಾಲುಚೀಲ ಕೊಳ್ಳಲು ಬಂದವರಿಗೂ ಪಾಠ ಮಾಡುತ್ತಾರೆ. ನೀನೂ ಪತ್ರಿಕೆಯವರಿಗೆ ಅದನ್ನೇ ಹೇಳಿದೆ. ಐವತ್ತೆಂಟು ನನ್ನ ಕೈಗೆ ಗೊತ್ತು ಅಂದೆ.

ಅಕ್ಕಾ, ಅದು ಐವತ್ತೆಂಟಲ್ಲ.

ಕಳೆದ ವರ್ಷ ನೀನು ನೀರಿನ ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಿಸಿದ್ದನ್ನು ನಾನು ನೋಡಿದೆ. ಕೇಳಿದರೆ ಮೊಣಕೈಗೆ ಸೊಳ್ಳೆ ಕಚ್ಚಿದೆ ಅಂದೆ. ಅಷ್ಟು ಊದಿಸುವ ಸೊಳ್ಳೆಯನ್ನು ಮೃಗಾಲಯದಲ್ಲಿಡಬೇಕಿತ್ತು. ಆಮೇಲೆ ನಿನ್ನ ಜಾಕೆಟ್ ಜೇಬಿನಲ್ಲಿದ್ದ ಸ್ಕ್ಯಾನ್ ವರದಿಯನ್ನೂ ಓದಿದೆ. ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆಯಲ್ಲ, ಹೇಳಲಿಲ್ಲ. ಬದಲಿಗೆ ತಂತಿ ಕಟ್ಟುವ ಯಂತ್ರದ ಗುಂಡಿ ತಿರುಗಿಸಿದೆ. ನಿನಗೆ ತಿಳಿಯದ ಹಾಗೆ ವಾರಕ್ಕೊಂದು ಪೌಂಡ್ ಇಳಿಸುತ್ತಾ ಐವತ್ತಕ್ಕೆ ತಂದು ನಿಲ್ಲಿಸಿದೆ. ರಾಕೆಟ್ಟಿನ ಹಿಡಿಗೆ ಅಂಟಿಸುವ ಚೀಟಿಯಲ್ಲಿ ಮಾತ್ರ ಐವತ್ತೆಂಟು ಎಂದೇ ದುಂಡಗೆ ಬರೆಯುತ್ತಿದ್ದೆ. ತಂತಿ ಸಡಿಲವಾದಷ್ಟೂ ಮೊಣಕೈಗೆ ಪೆಟ್ಟು ಕಡಿಮೆ. ನೀನು ಮತ್ತೆ ಬಲಗೈಯಲ್ಲಿ ನೀರು ಕುಡಿದೆ, ಗೆಲ್ಲತೊಡಗಿದೆ, ನಾನು ಬಾಯಿ ಹೊಲಿದುಕೊಂಡೆ.

ಇಷ್ಟು ದಿನ ನಿನ್ನ ಎಲ್ಲ ರಾಕೆಟ್ಟುಗಳೂ ಇಲ್ಲಿಂದಲೇ ಹೋಗುತ್ತಿದ್ದವು. ಈಗ ಅಲ್ಲಿ ಟೂರ್ನಿಯವರೇ ಕಟ್ಟುತ್ತಾರೆ. ಐವತ್ತೆಂಟು ಎಂದರೆ ಐವತ್ತೆಂಟಕ್ಕೇ ಎಳೆಯುವ ಪ್ರಾಮಾಣಿಕರು, ಹಾಳಾದವರು. ಆ ಬಿಗಿತದಲ್ಲಿ ಮೂರು ಸೆಟ್ ಆಡಿದರೆ, ವರದಿಯಲ್ಲಿದ್ದ ಮೊಣಕೈ ಸ್ನಾಯುವಿನ ಆ ಸಣ್ಣ ಹರುಕು ಸಣ್ಣದಾಗಿ ಉಳಿಯುವುದಿಲ್ಲ.

ತಮಾಷೆಗೆಂದು ನಿನ್ನ ಶೂಗಳಿಗೆ ಹಿಟ್ಟು ತುಂಬಿದವನ ಮಾತು ನಂಬುವುದು ಕಷ್ಟ, ಒಪ್ಪುತ್ತೇನೆ. ನಂಬಬೇಡ. ನಾನು ಕಟ್ಟಿದ ಯಾವುದಾದರೂ ಒಂದನ್ನು ಅವರ ಹತ್ತಿರ ಅಳೆಸಿ ನೋಡು. ಆಮೇಲೆ ಅವರಿಗೆ ಐವತ್ತು ಎಂದು ಹೇಳು. ನಿನ್ನ ಬಾಯಲ್ಲೇ ಹೇಳು.

ಗೆದ್ದದ್ದು ನೀನೇ, ಗುಂಡಿಯಲ್ಲ. ಆದರೂ ನಿನ್ನ ಕೈಗೆ ಗೊತ್ತಿತ್ತು ಅಂತ ನೀನು ನಂಬಿದ್ದನ್ನು ಪಂದ್ಯದ ಹಿಂದಿನ ದಿನ ಕಿತ್ತುಕೊಳ್ಳುತ್ತಿದ್ದೇನೆ. ಇದಕ್ಕೆ ಯಾವ ಗಂಭೀರ ಮುಖ ಹಾಕಬೇಕೋ ನನಗೆ ಗೊತ್ತಾಗುತ್ತಿಲ್ಲ.

ಇಂತಿ ಅಮಾನತಿಗೆ ಸಿದ್ಧನಾಗಿರುವ,
ನಿನ್ನ ತಮ್ಮ

ಮರೆತ ಮಾತು: ಮೇಲಿನದನ್ನು ಬರೆದು ಅಪ್ಪನಿಗೆ ಓದಿ ಹೇಳಿದೆ, ಆಣೆ ಮುರಿದೆ. ಕೆನ್ನೆ ಸಿದ್ಧವಾಗಿಟ್ಟುಕೊಂಡು ನಿಂತಿದ್ದೆ. ಅವರು ಹೊಡೆಯಲಿಲ್ಲ, ಅಂಗಡಿಯ ಶಟರ್ ಅರ್ಧ ಎಳೆದು ಕೂತರು. "ಅವಳ ಕೈ ನೋಯ್ತಿದೆ ಅಂತ ನಂಗೆ ಗೊತ್ತಿತ್ತು ಕಣೋ. ಕೇಳಿದ್ರೆ ಆಟ ಬಿಟ್ಬಿಡ್ತಾಳೆ ಅಂತ ಕೇಳ್ಲಿಲ್ಲ," ಅಂದರು.