ಸುಡಬಾರದ ಹೆಣ

ಸದಾಶಿವಗಡದ ಗುಡ್ಡ,
ಕಡಲೇರಿದ ಮೇಲಿನ ನೂರಾ ಎಂಬತ್ತನೇ ವರ್ಷ, ಎರಡನೇ ಆಷಾಢದ ಮೂವತ್ತೆರಡನೇ ದಿನ

ಹಳಬರಿಗೆ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ನಮ್ಮ ಮದ್ದಿನ ಮನೆಯ ಡಾಕ್ಟರು ಜಾನಕಿಬಾಯಿ ಕಾಗದ ತಂದು ಮಡಿಲಿಗೆ ಹಾಕಿ, ಲೋಹ ಹೊತ್ತವಳು ನೀನೊಬ್ಬಳೇ ಉಳಿದದ್ದು, ಕೇಳುವುದಿದ್ದರೆ ನೀನೇ ಕೇಳು ಮಂಕಾಳಮ್ಮಾ ಎಂದು ಹೇಳಿ ಹೋದಳು. ಕೈ ನೋಯುತ್ತದೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ನಿಮ್ಮದೂ ನಮಗೆ ಹಾಗೇ ಇದೆ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಬರುತ್ತದೆಂದು ಕೇಳಬೇಡಿ. ತಿಳಿದವರು ಹೇಳಿದರು, ನನಗೆ ಅರ್ಥವಾಗಲಿಲ್ಲ.

ನನ್ನ ಹೊಟ್ಟೆಯಲ್ಲಿ ಕ್ಯಾನ್ಸರ್ ಗಂಟಿದೆ, ಲಿವರಿನಲ್ಲಿ ಚೂರು ಓಸ್ಮಿಯಂ ಇದೆ. ಆ ಲೋಹದ ಸುತ್ತ ಇಂಗಾಲದ ಉಂಗುರ ಕಟ್ಟಿ ಮಾಡಿದ ಮದ್ದಿಗೆ ನಾವು ದಲ್ಲಾಳಿ ಅನ್ನುತ್ತೇವೆ. ಮದುವೆ ದಲ್ಲಾಳಿ ಎರಡು ಮನೆ ಕೂಡಿಸುತ್ತಾನೆ, ತಾನು ಯಾವ ಮನೆಗೂ ಅಳಿಯನಾಗುವುದಿಲ್ಲ, ಉಂಡು ಎದ್ದು ಮುಂದಿನ ಮನೆಗೆ ನಡೆಯುತ್ತಾನೆ. ಇದೂ ಹಾಗೆ. ಗಂಟಿನ ಜೀವಕೋಶದೊಳಗೆ ಹೊಕ್ಕು, ಅದಕ್ಕೆ ಬೇಡದ ಸಂಬಂಧ ಕಟ್ಟಿಸಿ, ಉಸಿರು ಕಟ್ಟಿಸಿ ಕೊಂದು, ತಾನು ಸವೆಯದೆ ಹೊರಡುತ್ತದೆ. ಬೇರೆ ಮದ್ದು ಮುಗಿಯುತ್ತದೆ, ಇದು ಮುಗಿಯುವುದಿಲ್ಲ. ಆದರೆ ಬರಿಗೈಲಿ ಕೆಲಸ ಮಾಡುವುದಿಲ್ಲ, ದಿನಾ ಇರುವೆಯ ಹುಳಿ ಬೇಕು. ಅದಕ್ಕೇ ಇಲ್ಲಿ ಗೇರುಮರದಿಂದ ಗೇರುಮರಕ್ಕೆ ಹಗ್ಗ ಕಟ್ಟಿ ಚಗಳಿ ಇರುವೆ ಸಾಕುತ್ತೇವೆ. ಗೂಡು ಕಿತ್ತು, ಹುರಿದು, ಉಪ್ಪು ಮೆಣಸು ಹಾಕಿ ಅರೆಯುತ್ತೇವೆ. ಕಡಲಲ್ಲಿ ಮುಳುಗಿದ ನಿಮ್ಮ ಹಳೆಯ ಬಸ್‌ಸ್ಟ್ಯಾಂಡಿನ ಮೇಲೆ ಬಲೆ ಬೀಸಿ ಹಿಡಿದ ಮೀನಿನ ಜೊತೆ ಆ ಚಟ್ನಿ ನನಗೆ ಎರಡು ಹೊತ್ತೂ ಆಗಬೇಕು. ನಾಲಿಗೆ ಸುಟ್ಟು ಹೋಗಿದೆ, ಬದುಕಿದ್ದೇನೆ.

ಲೋಹ ಹೊತ್ತವರು ಸತ್ತರೆ ನಾವು ಸುಡುವುದಿಲ್ಲ. ಹೆಣವನ್ನು ಕ್ಷಾರದ ತೊಟ್ಟಿಗಿಳಿಸಿ ಕರಗಿಸಿ, ಲೋಹ ಸೋಸಿ ಎತ್ತಿ, ಹೊಸ ಉಂಗುರ ಕಟ್ಟಿ ಮುಂದಿನವರಿಗೆ ಚುಚ್ಚುತ್ತೇವೆ. ಕಳೆದ ತಿಂಗಳು ತುಳಸು ಗೌಡ ತೀರಿಕೊಂಡ. ಅವನ ಲೋಹ ನನ್ನ ಮೊಮ್ಮಗಳು ಸಾವಂತ್ರಿಗೆ ಎಂದು ನಿಶ್ಚಯವಾಗಿತ್ತು. ಹತ್ತೊಂಬತ್ತರ ಹುಡುಗಿ, ತೊಡೆಯ ಮೂಳೆಯಲ್ಲಿ ಗಂಟು. ತುಳಸುವಿನ ಮಕ್ಕಳಿಗೆ ಪಿತೃಭಕ್ತಿ ಉಕ್ಕಿತು. ನಮ್ಮಪ್ಪನನ್ನು ಸಾರು ಕುದಿಸಿದ ಹಾಗೆ ಕುದಿಸಿ ಸೋಸುತ್ತೀರಾ ಎಂದು ಹೆಣ ಕದ್ದು, ಕಡಲ ದಂಡೆಯಲ್ಲಿ ಸುಟ್ಟರು. ಓಸ್ಮಿಯಂ ಬೂದಿಯಲ್ಲಿ ಉಳಿಯುವ ಲೋಹವಲ್ಲ ಹಳಬರೇ, ಬೆಂಕಿ ತಾಗಿದರೆ ಹೊಗೆಯಾಗಿ ಏಳುತ್ತದೆ, ಆ ಹೊಗೆ ಮೊದಲು ಕಣ್ಣಿಗೇ ಹತ್ತುತ್ತದೆ. ಚಿತೆಯ ಸುತ್ತ ನಿಂತವರೆಲ್ಲ ಕಣ್ಣು ಹಿಡಿದುಕೊಂಡು ಮರಳಲ್ಲಿ ಹೊರಳಿದರು. ಹಿರಿಮಗ ಬೀರನಿಗೆ ಇನ್ನೂ ಕಾಣುವುದಿಲ್ಲ. ಊರವರು ಗಂಜಿ ತೆಗೆದುಕೊಂಡು ಹೋಗಿ ಸಮಾಧಾನ ಹೇಳಿದರು. ನಾನೂ ಹೋದೆ. ಒಳ್ಳೇದಾಯ್ತು ಮಗನೇ, ಅಪ್ಪ ನಿನ್ನ ಕಣ್ಣಲ್ಲೇ ಬಂದು ಕೂತ, ಇನ್ನು ಅವನನ್ನು ಬಿಟ್ಟು ಬೇರೇನೂ ನೋಡಬೇಕಾಗಿಲ್ಲ ಎಂದು ಹೇಳಿ ಬಂದೆ. ಅವನು ಅತ್ತ. ಅಳಲಿ.

ಈಗ ಈ ಗುಡ್ಡದಲ್ಲಿ ಲೋಹ ಇರುವುದು ನನ್ನ ಮೈಯಲ್ಲಿ ಮಾತ್ರ. ನಾನು ಚಟ್ನಿ ಬಿಟ್ಟರೆ ಗಂಟು ಏಳುತ್ತದೆ, ಮಳೆ ಮುಗಿಯುವುದರೊಳಗೆ ನಾನು ತೊಟ್ಟಿಯಲ್ಲಿ, ಲೋಹ ಸಾವಂತ್ರಿಯ ರಕ್ತದಲ್ಲಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರೂ ಊಟದ ಹೊತ್ತಿಗೆ ಬಂದು, ಹುಷಾರಾ ಅಮ್ಮಾ ಎನ್ನುತ್ತ ನನ್ನ ತಟ್ಟೆ ನೋಡಿ ಹೋಗುತ್ತಾರೆ. ನೇರ ಕೇಳಿದ್ದು ಆ ಹುಡುಗಿ ಒಬ್ಬಳೇ. ಅಜ್ಜೀ, ನೀನು ಸತ್ತರೆ ನನಗೆ ಬರೀ ಲೋಹ ಬರುತ್ತದೋ, ನಿನ್ನ ಸಿಟ್ಟೂ ಬರುತ್ತದೋ ಎಂದು ನಕ್ಕಳು. ಕಾಲಿನ ನೋವಿಗೆ ತುಟಿ ಕಚ್ಚಿಕೊಂಡೇ ನಕ್ಕಳು. ಸಿಟ್ಟಿಗೆ ಬೇರೆ ಸರದಿ ಇದೆ ಕಣೇ ಎಂದೆ.

ನನಗೆ ಸಾಯಲು ಮನಸ್ಸಿಲ್ಲ. ಮುದುಕಿಯ ಪ್ರಾಣ ಅಂದರೆ ಹಳಸಿದ ಅನ್ನ, ಚೆಲ್ಲಿದರಾಯಿತು ಎಂದು ತಿಳಿಯಬೇಡಿ. ಸಾವಂತ್ರಿ ಸಾಯುವುದನ್ನು ನೋಡುವ ಮನಸ್ಸೂ ಇಲ್ಲ. ನಿಮ್ಮ ಕಾಲದಲ್ಲಿ ಈ ಲೋಹ ಪ್ರಯೋಗಶಾಲೆಗಳ ಕಪಾಟಿನಲ್ಲಿ ಸೀಸೆಗಟ್ಟಲೆ ಇತ್ತಂತೆ. ಗಾಜಿನ ತಟ್ಟೆಯಲ್ಲಿ ಗಂಟಿನ ಮೇಲೆ ಬಿಟ್ಟು ನೋಡಿ, ಭಲೇ ಎಂದು ಬರೆದಿಟ್ಟು, ಊಟಕ್ಕೆ ಹೋದಿರಂತೆ. ಅದರಲ್ಲಿ ಒಂದು ಸೀಸೆ ಮೇಣ ಹಾಕಿ ಮುಚ್ಚಿ, ಈ ಗುಡ್ಡದ ಕೋಟೆಯ ಪಡುವಣ ಬುರುಜಿನ ಬುಡದಲ್ಲಿ ಆಳಕ್ಕೆ ಹೂಳಿ. ಅಲ್ಲಿಗೆ ಕಡಲು ಇನ್ನೂ ಏರಿಲ್ಲ.

ನಿನ್ನೆ ಅಲ್ಲಿ ಅಗೆದೆವು. ನಿಮ್ಮ ನೀರಿನ ಬಾಟಲಿ ಸಿಕ್ಕವು, ಬೇಕಾದಷ್ಟು. ಕಾಗದ ನಿಮ್ಮ ಕೈ ಸೇರಿದ ಮೇಲೆ ಅಗೆದರೆ ಸೀಸೆ ಇರುತ್ತದೆ, ಮೊದಲಿನಿಂದಲೂ ಇದ್ದ ಹಾಗೇ ಇರುತ್ತದೆ ಎನ್ನುತ್ತಾಳೆ ಜಾನಕಿ. ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಆದರೂ ಈ ತಿಂಗಳ ಕೊನೆಯ ದಿನ, ನಲವತ್ತರ ಬೆಳಿಗ್ಗೆ, ಮತ್ತೆ ಅಗೆಸುತ್ತೇನೆ. ಸಿಗದಿದ್ದರೆ ಅಂದು ಮಧ್ಯಾಹ್ನದಿಂದ ನಾನು ಬರೀ ಅನ್ನ ಉಣ್ಣುತ್ತೇನೆ.

ಉತ್ತರ ಎರಡನೇ ಆಷಾಢ ನಲವತ್ತರೊಳಗೆ ಬೇಕು.

ಮಂಕಾಳಿ