ಎಡ ಭುಜದ ಅರ್ಧ ಇಂಚು

೧೪ನೇ ತಾರೀಖು, ಭಾನುವಾರ

ಮುದ್ದು ಮಗಳೇ,

ನೀನು ಹುಷಾರಾಗಿದ್ದೀಯ ಎಂದುಕೊಂಡಿದ್ದೇನೆ. ನಾನೂ ನಿನ್ನಪ್ಪನೂ ಚೆನ್ನಾಗಿದ್ದೇವೆ. ಒಂದು ತಿಂಗಳಿಂದ ನಿನ್ನ ಫೋನಿಗೆ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡಲಿಲ್ಲ, ಅದಕ್ಕೆ ಕ್ಷಮಿಸು. ಅಂಗಡಿಯಲ್ಲಿ ಹೊಲಿಗೆ ಜಾಸ್ತಿ ಎಂದದ್ದು ಸುಳ್ಳು. ನನಗೆ ಕೋಪ ಬಂದಿತ್ತು. ಬಾಯಿ ತೆರೆದರೆ ಜಗಳವಾಗುತ್ತದೆ ಎಂದು ಈಗ ಕಾಗದ ಹಿಡಿದಿದ್ದೇನೆ.

"ಅಮ್ಮಾ, ನನ್ನ ಮದುವೆ ಡ್ರೆಸ್ ಆನ್‌ಲೈನ್‌ನಲ್ಲೇ ತರಿಸ್ತೀನಿ. ಎರಡು ಸಾವಿರ ಜನ ಚೆನ್ನಾಗಿದೆ ಅಂತ ಬರೆದಿದ್ದಾರೆ. ನೀನು ಹೊಲಿಯೋದು ಬೇಡ," ಎಂದೆಯಲ್ಲ, ಅದು ಚುಚ್ಚಿತು. ಇಪ್ಪತ್ತೆಂಟು ವರ್ಷ ಊರವರ ಮದುವೆಗೆಲ್ಲ ಹೊಲಿದವಳು ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನ ಪಾಲಿಗೇ ಬಂತಲ್ಲ ಎಂದು ನಿನ್ನಪ್ಪನ ಹತ್ತಿರ ಗೊಣಗಿದೆ. ಅವರು ಓದುತ್ತಿದ್ದ ಪೇಪರ್ ಮಡಚದೆಯೇ, "ಆ ಎರಡು ಸಾವಿರ ಜನ ಏನು ಬರೆದಿದ್ದಾರೋ ಮೊದಲು ಓದು, ಆಮೇಲೆ ಬೈಯಿ," ಎಂದರು.

ಓದುವುದು ಹೇಗೆಂದು ಹೇಳಿಕೊಟ್ಟವರು ಎದುರು ಮನೆಯ ಟೀಚರ್. ಅವರದೂ ಅದೇ ಚಾಳಿ; ತರಿಸುವುದು ಅಲ್ಲಿ, ಸೊಂಟ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿಸುವುದು ನನ್ನ ಹತ್ತಿರ. "ಐದು ಸ್ಟಾರ್ ಕೊಟ್ಟು ಸೂಪರ್ ಅಂತ ಒಂದೇ ಮಾತು ಬರೆದವರನ್ನ ನಂಬಬೇಡಿ. ಮೂರು ಸ್ಟಾರ್ ಕೊಟ್ಟವರನ್ನ ಓದಿ. ಅವರು ಹೊಗಳೋಕೂ ಬಂದಿಲ್ಲ, ಜಗಳಕ್ಕೂ ಬಂದಿಲ್ಲ," ಎಂದರು.

ನೀನು ಕಳಿಸಿದ್ದ ಲಿಂಕ್ ತೆರೆದು ಓದುತ್ತಾ ಹೋದಂತೆ ರುಚಿ ಹತ್ತಿತು ಕಣೇ. ಒಬ್ಬಳಿಗೆ ತೋಳೆತ್ತಿದರೆ ಕಂಕುಳಲ್ಲಿ ಹಿಡಿಯುತ್ತದಂತೆ. ಇನ್ನೊಬ್ಬಳು ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತೆಂದು ಬಕೆಟ್ಟಿನ ಫೋಟೋ ಹಾಕಿದ್ದಾಳೆ. ನನ್ನ ಅಂಗಡಿಯಲ್ಲಿ ಯಾರೂ ಇಷ್ಟು ಬಿಚ್ಚುಮನಸ್ಸಿನಿಂದ ಮಾತಾಡಿದ್ದಿಲ್ಲ. ಎದುರಿಗೆ ಚೆನ್ನಾಗಿದೆ ಎನ್ನುತ್ತಾರೆ, ಮುಂದಿನ ಸಲ ಬಟ್ಟೆಯನ್ನು ಬೇರೆ ಟೈಲರಿಗೆ ಕೊಡುತ್ತಾರೆ.

ಆ ಆನ್‌ಲೈನ್ ಅಂಗಡಿಯವರದೇ ಇನ್ನೊಂದು ಬಟ್ಟೆಯ ಕೆಳಗೆ ಒಂದು ಫೋಟೋ ಕಂಡಿತು. ತೋಳಿಲ್ಲದ ನೀಲಿ ಫ್ರಾಕು. ಮುಖ ಕಾಣದಂತೆ ಫೋಟೋ ಕತ್ತರಿಸಿದ್ದರು, ಹೆಸರೂ ಇರಲಿಲ್ಲ. ಆದರೆ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿತ್ತು. ಆ ಭುಜಕ್ಕೆ ನಾನು ವರ್ಷಗಟ್ಟಲೆ ಟೇಪು ಹಿಡಿದಿದ್ದೇನೆ. ನಿನಗೆ ಹೇಳದೆ ನಿನ್ನ ಪ್ರತಿ ಅಂಗಿಯೊಳಗೂ ತೆಳ್ಳನೆಯ ಪ್ಯಾಡ್ ಇಟ್ಟು ಹೊಲಿದಿದ್ದೇನೆ. ನಿನಗದು ಗೊತ್ತಿಲ್ಲ ಎಂದುಕೊಂಡಿದ್ದೆ. ನೀನು ಬರೆದಿದ್ದೆ: "ಭುಜ ಒಂದು ಕಡೆ ಇಳಿದವರೂ ಧೈರ್ಯವಾಗಿ ತಗೊಳ್ಳಿ. ನಮ್ಮ ಮನೇಲಿ ಇದನ್ನ ಯಾವಾಗ್ಲೂ ಮುಚ್ಚಿ ಹೊಲೀತಿದ್ರು. ಮುಚ್ಚೋ ಅಂಥದ್ದು ಏನೂ ಇಲ್ಲ ಅಂತ ನನಗೆ ಈಗ ಗೊತ್ತಾಯ್ತು."

ಕೆಳಗೆ ಯಾರೋ ಹುಡುಗಿ, "ನನ್ನ ಭುಜಾನೂ ಹಾಗೇ. ನಿಜವಾಗ್ಲೂ ಚೆನ್ನಾಗಿ ಕಾಣತ್ತಾ ಅಕ್ಕಾ?" ಎಂದು ಕೇಳಿದ್ದಳು. "ಕಾಣತ್ತೆ. ನನ್ನ ಮಾತು ನಂಬು," ಎಂದು ನೀನು ಉತ್ತರ ಕೊಟ್ಟಿದ್ದೆ.

ನನ್ನ ಕೋಪ ಅಲ್ಲೇ ಮುಗಿಯಿತು. ಆಮೇಲೆ ಅಳು ಬಂತು. ಹೆತ್ತವಳನ್ನು ಬಿಟ್ಟು ಕಂಡುಕೇಳರಿಯದ ಎರಡು ಸಾವಿರ ಜನರನ್ನು ನೀನು ಯಾಕೆ ನಂಬಿದೆ ಎಂದು ಅರ್ಥವಾಯಿತು. ಮದುವೆಗೆ ನಿನಗಿಷ್ಟವಾದದ್ದನ್ನೇ ತರಿಸಿಕೋ. ಅಂಚು ಉದ್ದವಾದರೆ ಮಾತ್ರ ಹೇಳು, ಟೀಚರ್ ಬಟ್ಟೆ ಪಕ್ಕಕ್ಕಿಟ್ಟು ನಿನ್ನದನ್ನು ಮೊದಲು ಹೊಲಿದುಕೊಡುತ್ತೇನೆ. ನೀವಿಬ್ಬರೂ ನೂರು ಕಾಲ ಸುಖವಾಗಿ ಬಾಳಿ.

ನಿನ್ನ
ಅಮ್ಮ

ತಾ.ಕ.: ಆಗ ನಿನಗೆ ಹದಿನಾರು. ಶಾಲೆಯ ಕೊನೆಯ ದಿನಕ್ಕೆಂದು ಹೊಲಿದ ಹಳದಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತು, "ಅಮ್ಮಾ, ಚೆನ್ನಾಗಿ ಕಾಣ್ತೀನಾ?" ಎಂದು ಕೇಳಿದೆ. ನಾನು ಎಡ ಭುಜದ ಬಟ್ಟೆಯನ್ನು ಎತ್ತಿ ಎತ್ತಿ ಸರಿಮಾಡುತ್ತಲೇ ಇದ್ದೆ. ನೀನು ಇನ್ನೊಂದು ಸಲ ಕೇಳಿದೆ. ಆಮೇಲೆ ಯಾವತ್ತೂ ಕೇಳಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಅದಕ್ಕೇ ಉತ್ತರ ಕೊಡಲಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಪಿನ್ನು ತೆಗೆಯಲು ಎಷ್ಟು ಹೊತ್ತು ಬೇಕಿತ್ತು, ಮಗಳೇ?